ಬಬ್ಬೂರಿನಿಂದ ಹೊರಟ ಗುಡಾಣ

ಹಿರಿಯೂರಿಗೆ ಸಮೀಪವಾದ ಬಬ್ಬೂರಿಗೆ ಬಂದವರು ಅಲ್ಲಿಯ ಕೃಷಿಕ್ಷೇತ್ರವನ್ನು ಕಂಡು, 1907ರಲ್ಲಿ ಮುಗಿದ ವಾಣೀವಿಲಾಸಸಾಗರದ ಕಡೆಗೆ ನಡೆಯುವರು. ನಾವು ಹೋದುದು ಒಂದು ಗುಡಾಣಕ್ಕಾಗಿ. ಧಾನ್ಯ ತುಂಬಿಡುತ್ತಿದ್ದ ಈ ದೊಡ್ಡ ಮಣ್ಣಿನ ಪಾತ್ರೆಗಳನ್ನು ಮಾಡುವವರು ಈಗ ವಿರಳ, ಒಡೆದರೆ ಮತ್ತೊಂದಿಲ್ಲ. ಕೆಡವಲಿದ್ದ ಮನೆಯ ಮುದುಕಮ್ಮನವರು, "ಮೇಷ್ಟ್ರೇ, ನಮ್ಮತ್ತೆಯೋರು ರಾಗಿ ತುಂಬಿದ್ದು. ಬೆಂಗಳೂರಿಗೆ ಇಡಿಯಾಗಿ ಮುಟ್ಟಿದರೆ ದುಡ್ಡು ಕಳಿಸಿ, ಇಲ್ದಿದ್ರೆ ಬೇಡ" ಎಂದರು. ದಾರಿ ಸುಮಾರು 160 ಕಿಲೋಮೀಟರು.

ಘಟವು ಎರಡು ಕಪಾಲಗಳಿಂದಾಗುವುದೆಂದು ತರ್ಕದಲ್ಲಿ ಓದಿದ್ದೆವು. ಮರಳಿ ಕಪಾಲವಾಗದಂತೆ ಸಾಗಿಸುವ ಬಗೆಯನ್ನು ಹೇಳಿದವರು ಕುಂಬಾರರು. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡತಕ್ಕದ್ದು: ನಾದ ಬಂದರೆ ಸರಿ, ಮಂಕಾದರೆ ಬಿರುಕುಂಟು. ಬಾಯಿಯ ಅಂಚನ್ನು ಹಿಡಿದೆತ್ತಲಾಗದು. ಅಡಿಗೆ ಗೋಣಿ ಕೊಟ್ಟು ನಾಲ್ವರು ಎತ್ತಬೇಕು. ಮುಚ್ಚಳವನ್ನು ಬೇರೆಯೇ ಸುತ್ತಿಡಬೇಕು. ಲಾರಿಯ ಹಿಂಭಾಗವೇ ಹೆಚ್ಚು ಕುಲುಕುವುದರಿಂದ, ಮುಂದಕ್ಕೆ, ಗೇಣೆತ್ತರದ ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸುತ್ತಲೂ ಹುಲ್ಲುಮೂಟೆಗಳನ್ನು ಒತ್ತಿ ಕಟ್ಟಿದೆವು. ಹಲಗೆಗೆ ಎಲ್ಲಿಯೂ ತಾಗಕೂಡದು.

ಹುಲ್ಲು ಕುಲುಕಿ ಕುಸಿದಂತೆ ಹಗ್ಗ ಸಡಿಲುವುದು. ಶಿರಾದಲ್ಲಿ ಕಾಫಿಗಿಂತ ಮೊದಲು ಅದನ್ನೇ ನೋಡಿದೆವು. ಬೆರಳು ತೂರುವಷ್ಟು ಸಂದಾಗಿದ್ದಿತು. ಮತ್ತೆ ಬಿಗಿದು ಹೊರಟೆವು. ಬೆಂಗಳೂರಿನಲ್ಲಿ ಇಳಿಸಿ ತಟ್ಟಿದಾಗ ನಾದವು ಮಂಕಾಗಿರಲಿಲ್ಲ. ಹಣವನ್ನು ಅಂದೇ ಕಳುಹಿಸಿದೆವು.