ಅವ್ವನ ಜೋಗುಳ ಮತ್ತ ನನ್ನ ಶಾಣ್ಯಾತನ

2022ರ ಶ್ರಾವಣದಾಗ ಟೊರಾಂಟೊದಾಗಿರೋ ನಮ್ಮಕ್ಕನ ಮಗಳನ್ನ ತೊಟ್ಟಲಿಗೆ ಹಾಕೂದಿತ್ತು. ಅವ್ವ ಹೋಗಬೇಕಿತ್ತು ಖರೆ, ಆದ್ರ ಕಣ್ಣಿನ ಪೊರೆ ತೆಗೆಸಿ ಇನ್ನೂ ಹದಿನೈದು ದಿನಾ ಆಗಿರಲಿಲ್ಲ. ಹಿಂಗಾಗಿ ಭಾನುವಾರ ಸಂಜಿ ಏಳಕ್ಕ, ಅಲ್ಲಿ ಬೆಳಗ್ಗೆ ಒಂಬತ್ತೂವರಿ, ವಿಡಿಯೋದಾಗ ಕೂಸಿನ್ನ ನೋಡಿ ಇಲ್ಲಿಂದನ ಜೋಗುಳ ಹಾಡೂದು ಅಂತ ಠರಾವಾತು. ಫೋನಿನ ಸಣ್ಣ ಪರದೆ ಅಕಿಗೆ ಕಾಣಂಗಿಲ್ಲ. ಲ್ಯಾಪ್‌ಟಾಪೇ ಬೇಕು.

ಇಲ್ಲೇ ನಾ ಶಾಣ್ಯಾತನ ಮಾಡಿದ್ದು. ಮನ್ಯಾಗಿನ ಹಳೇ ಲ್ಯಾಪ್‌ಟಾಪು ಚಾಲೂ ಆಗಾಕ ಹತ್ತು ನಿಮಿಷ ತಗೋತಿತ್ತು. ಲಿನಕ್ಸ್ ಹಾಕಿದ್ರ ಹಗುರಾಗತೈತಿ ಅಂತ ಶನಿವಾರ ರಾತ್ರಿ ಡೆಬಿಯನ್ 11 ಹಾಕಿದೆ. ನೆಟ್ ಇಲ್ಲದನೂ ಹಾಕಬಹುದಾದ ಡಿವಿಡಿ ಇಮೇಜು. ನಡುವ ಏನೋ ಒಂದು ಪ್ರಶ್ನೆ ಬಂತು, ಓದದನ ‘ಬ್ಯಾಡ’ ಒತ್ತಿದೆ. ಮಶೀನು ಅರ್ಧ ನಿಮಿಷದಾಗ ಎದ್ದು ಕೂತಿತು. ವೈಫೈ ಮಾತ್ರ ಇಲ್ಲ. ಆ ಲ್ಯಾಪ್‌ಟಾಪಿಗೆ ನೆಟ್ಟಿನ ವೈರು ಹಾಕೋ ತೂತೂ ಇಲ್ಲ.

ರಾತ್ರಿ ಎರಡರ ತನಕ ಫೋನಿನ್ಯಾಗ ಹುಡುಕಿ, ಸಿಕ್ಕ ಸಿಕ್ಕ ಕಮಾಂಡು ಹೊಡದೆ. ಆರ್‌ಎಫ್‌ಕಿಲ್ ನೋಡಿದೆ, ರೇಡಿಯೋ ಬಂದ್ ಆಗಿರಲಿಲ್ಲ. ಎಲ್‌ಎಸ್‌ಪಿಸಿಐ ಹೊಡದ್ರ ಕಾರ್ಡು ಕಾಣತೈತಿ. ಎಲ್‌ಎಸ್‌ಮಾಡ್ ಹೊಡದ್ರ ಐಡಬ್ಲ್ಯುಎಲ್‌ವೈಫೈ ಅನ್ನೋ ಡ್ರೈವರೂ ಕಾಣತೈತಿ. ಕಾರ್ಡು ಐತಿ, ಡ್ರೈವರು ಐತಿ, ವೈಫೈ ಇಲ್ಲ! ಸಿಟ್ಟಿಗೆ ಯಾವುದೋ ಬ್ಯಾರೆ ಕಾರ್ಡಿನ ಡ್ರೈವರನ್ನ ಪೆನ್‌ಡ್ರೈವಿನಾಗ ತಂದು ತುರುಕಾಕ ನೋಡಿದೆ. ಅದೂ ಆಗಲಿಲ್ಲ, ಆಗಬಾರದಿತ್ತು ಬಿಡ್ರಿ.

ಬೆಳಗ್ಗೆ ಅವ್ವ ಹಸರು ಚಷ್ಮಾ ಹಾಕ್ಕೊಂಡು ಬಾಜೂಕ ಕುಂತು, ಒಂದೂ ಮಾತು ಬೈಯಲಿಲ್ಲ. ಬೈದಿದ್ರ ಬೇಸಿತ್ತು.

“ಅದಕ್ಕ ಏನು ಬೇಕಂತ, ತಮ್ಮಾ? ಅದನ್ನ ಕೇಳಿದಿ ಏನು?” ಅಂದ್ಲು.

ಕೇಳಿರಲಿಲ್ಲ. ಊರ ಮಂದೀನ್ನೆಲ್ಲ ಕೇಳಿದ್ದೆ, ಮಶೀನನ್ನ ಬಿಟ್ಟು. ಡಿ-ಮೆಸೇಜ್ ಅಂತ ಕರ್ನಲ್ ತನ್ನ ಸುಖದುಃಖ ಬರದಿಡೋ ಕಡೆ ಐತಿ. ಅಲ್ಲಿ ನೋಡಿದ್ರ ಸಾಫಾಗಿ ಬರದಿತ್ತು: ಐಡಬ್ಲ್ಯುಎಲ್‌ವೈಫೈ-7260-17 ಅನ್ನೋ ಫರ್ಮ್‌ವೇರ್ ತುಂಬಾಕ ಆಗಲಿಲ್ಲ, ಮೈನಸ್ 2. ಲಿನಕ್ಸ್‌ನಾಗ ಮೈನಸ್ 2 ಅಂದ್ರ ‘ಆ ಹೆಸರಿನ ಕಡತ ಇಲ್ಲ’ ಅಂತ. ರಾತ್ರಿ ನಾ ‘ಬ್ಯಾಡ’ ಒತ್ತಿದ ಪ್ರಶ್ನೆ ಇದನ್ನೇ ಕೇಳಿತ್ತು, ಇದೇ ಕಡತದ ಹೆಸರು ಹೇಳಿ.

ಡ್ರೈವರು ಅಂದ್ರ ಕಾರ್ಡಿನ ಜೋಡಿ ಮಾತಾಡಾಕ ಕರ್ನಲ್‌ಗೆ ಗೊತ್ತಿರೋ ಭಾಷೆ. ಫರ್ಮ್‌ವೇರ್ ಅಂದ್ರ ಕಾರ್ಡಿನ ಒಳಗಿನ ಪುಟ್ಟ ಪ್ರೊಸೆಸರ್ ತಾನು ನಡೆಸೋ ಪ್ರೋಗ್ರಾಮು. ಕರೆಂಟ್ ಹೋದ್ರ ಕಾರ್ಡು ಅದನ್ನ ಮರೀತೈತಿ. ಚಾಲೂ ಆದಾಗೊಮ್ಮೆ ಡ್ರೈವರು ಡಿಸ್ಕಿನಿಂದ ತಂದು ತುಂಬಬೇಕು. ಅದರ ಮೂಲ ಬರಹ ಮುಕ್ತ ಅಲ್ಲ ಅಂತ ಡೆಬಿಯನ್‌ನವರು ಆಗ ತಮ್ಮ ಡಿಸ್ಕಿನಾಗ ಇಡತಿರಲಿಲ್ಲ, ಬ್ಯಾರೆ ಭಂಡಾರದಾಗ ಇಟ್ಟಿದ್ರು. ಅವ್ವಗ ಇದನ್ನೆಲ್ಲಾ ಹೇಳಿದ್ರ, “ಬೀಸೋ ಕಲ್ಲು ತಂದಿ, ಗೂಟ ಬಿಟ್ಟು ಬಂದಿ” ಅಂದ್ಲು.

ಗೂಟ ಇರೋದು ನೆಟ್ಟಿನಾಗ, ನೆಟ್ ಬರಾಕ ಗೂಟ ಬೇಕು. ಮನಿಯಾಕಿ ತನ್ನ ಫೋನು ತಂದು ಯುಎಸ್‌ಬಿ ವೈರಿನಿಂದ ಚುಚ್ಚಿ ಟೆದರಿಂಗ್ ಚಾಲೂ ಮಾಡಿದ್ಲು. ಫೋನಿಗೆ ಬೇಕಾದ ಡ್ರೈವರು ಕರ್ನಲ್‌ನಾಗ ಮೊದಲೇ ಇತ್ತು, ತಟ್ಟನ ನೆಟ್ ಬಂತು. ನಮ್ಮ ಓಣ್ಯಾಗ ಫೋನಿನ ಡೇಟಾಕ್ಕ ವಿಡಿಯೋ ತಡಿಯಂಗಿಲ್ಲ, ಆದ್ರ ಒಂದು ಕಡತ ಇಳಿಸಾಕ ಸಾಕು. ಸೋರ್ಸಸ್ ಲಿಸ್ಟಿನಾಗ ಭಂಡಾರದ ವಿಳಾಸ ಬರದು, ಸಾಲಿನ ಕಡೀಕ ನಾನ್-ಫ್ರೀ ಅಂತ ಸೇರಿಸಿ, ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ ಪ್ಯಾಕೇಜು ಹಾಕಿದೆ. ಮಾಡ್‌ಪ್ರೋಬ್‌ನಿಂದ ಡ್ರೈವರನ್ನ ಒಮ್ಮೆ ತಗದು ಮತ್ತ ಏರಿಸಿದೆ. ಬಾಜೂ ಮನಿಯವರ ವೈಫೈ ಹೆಸರು ಸೈತ ಕಾಣಾಕ ಹತ್ತಿದ್ವು.

ಆಗ ಆರೂ ನಲವತ್ತು. ಅವ್ವ ಸೀರಿ ಬದಲಿ ಮಾಡಾಕ ಎದ್ದಳು.

ಮುಂದ 2023ರ ಜೂನಿನಾಗ ಬಂದ ಡೆಬಿಯನ್ 12ರಾಗ ಈ ಫರ್ಮ್‌ವೇರು ಡಿಸ್ಕಿನ ಜೋಡೀನ ಬರಾಕ ಹತ್ತಿತು. ಹಿಂದಿನ ವರ್ಷ ಅವರೊಳಗ ಮತ ಹಾಕಿ ಆದ ನಿರ್ಣಯ ಅದು. ಗೂಟ ಜೋಡೀನ ಬರತೈತಿ ಈಗ ಅಂತ ಅವ್ವಗ ಹೇಳಿದೆ. “ಅವತ್ತು ಇಲ್ಲದನೂ ಆತಲ್ಲ” ಅಂದ್ಲು.

ಆ ಸಂಜಿ ಏಳಕ್ಕ ಅಕ್ಕ ಕೂಸಿನ್ನ ಪರದೆ ಹತ್ರ ಹಿಡದ್ಲು. ಅವ್ವ ಎರಡು ಸಾಲು ಹಾಡಿ ನಿಂತ್ಲು. ನೆಟ್ ಹೋತೇನೋ ಅಂತ ನನ್ನ ಎದಿ ಧಸಕ್ ಅಂತು. ನೆಟ್ ಹೋಗಿರಲಿಲ್ಲ. ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರು ಹೇಳಿದ್ರಲ್ಲ, ಅಕಿ ಕತ್ತು ಮ್ಯಾಲೆತ್ತಿ ತಡಕೊಂಡು ಕುಂತಿದ್ಲು.