ಪಾರಾಯಣದ ಪಕ್ಕದಲ್ಲಿ ತುತ್ತೂರಿ

ಓದಿದ್ದನ್ನೇ ಮತ್ತೆ ಮತ್ತೆ ಓದಿ ಬೇಸರಪಡದವರು ಇಬ್ಬರು: ಭಕ್ತರು ಮತ್ತು ಮಕ್ಕಳು. ನವರಾತ್ರಿಯಲ್ಲಿ ರಾಮಾಯಣ ಪಾರಾಯಣಕ್ಕೆ ಕೂರುವ ಅಜ್ಜಿಗೆ ಹನುಮಂತ ಸಮುದ್ರ ಹಾರುತ್ತಾನೆಂಬುದು ಮೊದಲೇ ಗೊತ್ತು; ಆದರೂ ಸುಂದರಕಾಂಡ ಬಂದಾಗ ದನಿ ಏರುತ್ತದೆ. ತೊಡೆಯೇರಿದ ಮೊಮ್ಮಗುವಿಗೂ ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳುತ್ತಾಳೆಂದು ಗೊತ್ತು. ಆದರೂ ನಾಳೆ ಅದೇ ಕಥೆ ಬೇಕು, ನಡುವೆ ಒಂದು ಮಾತು ಬಿಟ್ಟರೂ ತಕರಾರು. ಗೊತ್ತಿರುವುದನ್ನು ಮತ್ತೆ ಕಾಣುವ ಸುಖ ಇಬ್ಬರದೂ ಒಂದೇ. ದೇವರ ಗೂಡಿನ ಪಕ್ಕ ಪುಸ್ತಕವಿಟ್ಟುಕೊಳ್ಳುವ ಮನೆಗಳಲ್ಲಿ ಮಕ್ಕಳ ಪುಸ್ತಕಕ್ಕೂ ಜಾಗ ಸಿಗುವುದು ಇದರಿಂದಲೇ. ಮಕ್ಕಳು ಬೆಳೆದು ಊರು ಬಿಟ್ಟ ಮೇಲೂ ಅಂಥ ಮನೆಗಳಲ್ಲಿ ಆ ಪುಸ್ತಕಗಳು ರದ್ದಿಗೆ ಹೋಗುವುದಿಲ್ಲ; ಹಿರಿಯರು ತಮಗಾಗಿಯೇ ತೆಗೆದು ಓದಿಕೊಳ್ಳುತ್ತಾರೆ.

ಅಂಥ ಮನೆಗಳಿರುವ ಬೈರಮಂಗಲ ಬಿಡದಿ ಹೋಬಳಿಯ ಊರು. ಬೆಂಗಳೂರಿನಿಂದ ಹರಿದು ಬರುವ ವೃಷಭಾವತಿ ಇಲ್ಲಿನ ದೊಡ್ಡ ಕೆರೆಯನ್ನು ಹೊಕ್ಕು, ಮುಂದೆ ಕನಕಪುರದ ಕಡೆಗೆ ಸಾಗಿ ಅರ್ಕಾವತಿಯನ್ನು ಸೇರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು, ತಮಿಳು ಮನೆಮಾತಾಗಿರುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬೆಟ್ಟದಂಚಿನ ಇರುಳಿಗರ ನುಡಿ ಅವರದೇ. ಬಿಡದಿಯಲ್ಲಿ ಕಾರ್ಖಾನೆಗಳು ಬಂದ ಮೇಲೆ ಸಂತೆಯಲ್ಲಿ ಹಿಂದಿಯೂ ಕೇಳುತ್ತದೆ. ಕನಕಪುರದಾಚೆಯ ಕಾಡು ದಾಟಿದರೆ ತಮಿಳುನಾಡು. ಅಂಚೆಟ್ಟಿ, ಡೆಂಕಣಿಕೋಟೆ, ತಳಿ, ಹೊಸೂರುಗಳಲ್ಲಿ ಕನ್ನಡದ ಮನೆಗಳು ಇಂದಿಗೂ ಇವೆ. ಎರಡು ಭಾಷೆಯ ಬಾಳು ಇಲ್ಲಿ ಹಳೆಯದು. ಮಾಗಡಿಯ ಕೆಂಪೇಗೌಡರ ಹೆಸರಿನಲ್ಲಿರುವ ‘ಗಂಗಾಗೌರೀವಿಲಾಸ’ ಯಕ್ಷಗಾನ ತೆಲುಗಿನಲ್ಲಿದೆ ಎಂಬುದೇ ಇದಕ್ಕೆ ಸಾಕ್ಷಿ.

ಇಂಥ ಮನೆಗಳಲ್ಲಿ ಓದುವ ಭಾಷೆ ಒಂದು, ಅರ್ಥವಾಗುವ ಭಾಷೆ ಇನ್ನೊಂದು. ಹೊರಗಿನವರಿಗೆ ಇದು ತೊಡಕೆಂದು ತೋರಬಹುದು. ಭಕ್ತರ ಓದಿಗೆ ಇದು ಮೊದಲಿನಿಂದಲೂ ಒಗ್ಗಿದ ಕ್ರಮ. ವಿಷ್ಣುಸಹಸ್ರನಾಮದ ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಓದಿ, ಅರ್ಥವನ್ನು ಮನೆಮಾತಿನಲ್ಲಿ ಗ್ರಹಿಸುತ್ತಾರೆ. ಧನುರ್ಮಾಸದಲ್ಲಿ ಶ್ರೀವೈಷ್ಣವರ ಮನೆಗಳಲ್ಲಿ ತಿರುಪ್ಪಾವೈಯ ತಮಿಳನ್ನು ಕನ್ನಡ ಅಕ್ಷರದ ಪುಸ್ತಕ ಹಿಡಿದು ಹೇಳುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಕುರಾನಿನ ಪಠಣ ಅರಬ್ಬಿಯಲ್ಲಿ, ವಿವರಣೆ ಉರ್ದುವಿನಲ್ಲಿ. ಊರಿನ ಗುಡಿಯಲ್ಲಿ ಕುಮಾರವ್ಯಾಸ ಭಾರತವನ್ನು ಗಮಕಿ ವಾಚಿಸಿದರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಇದೇ ಕ್ರಮ ಮಕ್ಕಳ ಪುಸ್ತಕಕ್ಕೆ ತಾನಾಗಿ ಇಳಿದು ಬರುತ್ತದೆ. ಶಾಲೆಯಿಂದ ತಂದ ಕನ್ನಡದ ಪುಸ್ತಕವನ್ನು ಮಗು ಗಟ್ಟಿಯಾಗಿ ಓದುತ್ತದೆ. ಅಮ್ಮಿ ದಖನಿ ಉರ್ದುವಿನಲ್ಲಿ ಅದನ್ನು ತಿರುಗಿ ಕೇಳಿ ಖಚಿತಪಡಿಸಿಕೊಳ್ಳುತ್ತಾಳೆ. ತೆಲುಗು ಮನೆಯ ಅವ್ವ ಕನ್ನಡದ ಪುಟ ನೋಡಿ ಕಥೆಯನ್ನು ತೆಲುಗಿನಲ್ಲೇ ಹೇಳಿಬಿಡುತ್ತಾಳೆ. ಇಲ್ಲಿ ವಾಚಕರು ಎಷ್ಟೋ ಸಲ ಮಕ್ಕಳು, ವ್ಯಾಖ್ಯಾನಕಾರರು ಹಿರಿಯರು. ಒಂದೇ ಭಾಷೆಯ ಮನೆಯಲ್ಲಿ ಕಥೆ ಓದಿ ಮುಗಿಯುತ್ತದೆ. ಎರಡು ಭಾಷೆಯ ಮನೆಯಲ್ಲಿ ಅದನ್ನು ಇನ್ನೊಮ್ಮೆ ಹೇಳಲೇಬೇಕಾಗುತ್ತದೆ. ಕಥೆ ಗಟ್ಟಿಯಾಗಿ ನಿಲ್ಲುವುದು ಆ ಎರಡನೆಯ ಸಲದಲ್ಲಿ.

ಭಕ್ತಿ ಮತ್ತು ಮಕ್ಕಳ ಲೋಕ ಒಂದಕ್ಕೊಂದು ದೂರವೆಂದು ಈ ಸೀಮೆ ಎಂದೂ ತಿಳಿದಿಲ್ಲ. ಚನ್ನಪಟ್ಟಣದ ಬಳಿ, ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲೇ ಇರುವ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಮೂರ್ತಿಯಿದೆ. ಕೈಯಲ್ಲಿ ಬೆಣ್ಣೆ ಹಿಡಿದ ಈ ಕೂಸಿಗೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಜಗವನ್ನು ಕಾಯುವವನನ್ನು ತಾಯಿ ಆಡಿಸಿದ ಬಗೆಯನ್ನು ಹಾಡುವ ಪುರಂದರದಾಸರ ಪ್ರಸಿದ್ಧ ಕೀರ್ತನೆ ಇಲ್ಲಿಯೇ ಹುಟ್ಟಿತೆಂಬುದು ಪ್ರತೀತಿ. ಮಾಗಡಿಯ ತಿರುಮಲೆಯ ರಂಗನಾಥನ ಗುಡಿಯಲ್ಲಿ ಪುಟ್ಟ ಮೂರ್ತಿಯೊಂದನ್ನು ಜನ ‘ಬೆಳೆಯುವ ರಂಗ’ ಎಂದು ಕರೆದು, ಅದು ವರ್ಷವರ್ಷಕ್ಕೆ ಬೆಳೆಯುತ್ತದೆಂದು ನಂಬುತ್ತಾರೆ. ದೇವರೇ ಕೂಸಾಗಿ, ಬೆಣ್ಣೆಗೆ ಆಸೆಪಟ್ಟು, ಮಣ್ಣು ತಿಂದು ಬೈಸಿಕೊಳ್ಳುವ ಕಥೆಗಳನ್ನು ದಿನವೂ ಕೇಳುವವರಿಗೆ ನಾಯಿಮರಿಯ ಪದ್ಯ, ಮಿಠಾಯಿಯ ಪದ್ಯ ಕೀಳಾಗಿ ಕಾಣುವುದಿಲ್ಲ. ಸಣ್ಣ ಸಂತೋಷಗಳನ್ನು ಭಕ್ತಿ ಹೊರಗಿಟ್ಟಿಲ್ಲ. ನೈವೇದ್ಯವೆಂದು ಒಳಕ್ಕೇ ಕರೆದುಕೊಂಡಿದೆ.

ಈ ಮಾತಿಗೆ ಈ ಮಣ್ಣಿನದೇ ದೊಡ್ಡ ನಿದರ್ಶನ ಜಿ.ಪಿ. ರಾಜರತ್ನಂ. ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿ ಹುಟ್ಟಿದ ಅವರು ಬೆಳೆದದ್ದು ಮೈಸೂರಿನಲ್ಲಿ. ತಮಿಳುನಾಡಿನಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದ್ದ ಶ್ರೀವೈಷ್ಣವ ವಂಶದವರು. ಎಂ.ಎ. ಮುಗಿಸಿಯೂ ತಕ್ಕ ಕೆಲಸ ಸಿಗದೆ, ತಂದೆ ನಡೆಸುತ್ತಿದ್ದ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಿದರು. ಆಗ ಪಠ್ಯದಲ್ಲಿದ್ದ ಪದ್ಯಗಳು ಆ ವಯಸ್ಸಿನ ನಾಲಿಗೆಗೆ ಒಗ್ಗುವುದಿಲ್ಲವೆಂದು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ ಹುಟ್ಟಿದ್ದು ಹೀಗೆ. ತಗಡಿನ ಆಟಿಕೆ, ಸಾಕಿದ ನಾಯಿಮರಿ, ಊಟದ ಎಲೆ ಅವರ ವಸ್ತುಗಳು. ‘ಕಡಲೆಪುರಿ’, ‘ಚುಟುಕ’, ‘ಗುಲಗಂಜಿ’ ಎಂದು ಸಂಕಲನಗಳಿಗೆ ಇಟ್ಟ ಹೆಸರುಗಳೂ ಮಗುವಿನ ಜೇಬಿನಲ್ಲಿ ಹಿಡಿಸುವಂಥವು.

ಅದೇ ಕೈ ಪಾಳಿ ಭಾಷೆಯ ಬೌದ್ಧ ಗ್ರಂಥಗಳನ್ನೂ ಹಿಡಿದಿತ್ತು. ‘ಚೀನಾ ದೇಶದ ಬೌದ್ಧ ಯಾತ್ರಿಕರು’, ‘ಬುದ್ಧನ ಜಾತಕಗಳು’, ‘ಭಗವಾನ್ ಮಹಾವೀರ’ ರಾಜರತ್ನಂ ಅವರ ಪುಸ್ತಕಗಳು. ಶ್ರೀವೈಷ್ಣವರ ಮನೆಯ ಮಗ ಬುದ್ಧನನ್ನೂ ಮಹಾವೀರನನ್ನೂ ವರ್ಷಾನುಗಟ್ಟಲೆ ಶ್ರದ್ಧೆಯಿಂದ ಓದಿ ಕನ್ನಡಕ್ಕೆ ತಂದದ್ದು ಸಣ್ಣ ಕೆಲಸವಲ್ಲ. ಹೆಂಡಕುಡುಕ ರತ್ನನ ಬಾಯಲ್ಲಿ ‘ರತ್ನನ ಪದಗಳು’ ಹಾಡಿಸಿದವರೂ ಅವರೇ. ವಿಮರ್ಶಕರು ಈ ಮೂರನ್ನು ಮೂರು ಕಪಾಟಿಗೆ ಹಂಚುವುದುಂಟು. ಹಾಗೆ ಹಂಚಿದರೆ ರಾಜರತ್ನಂ ಕೈತಪ್ಪುತ್ತಾರೆ. ಜಾತಕ ಕಥೆಗಳಲ್ಲೇ ನೋಡಬಹುದು: ಬೋಧಿಸತ್ವ ಅಲ್ಲಿ ಮೊಲವಾಗಿ, ಕೋತಿಯಾಗಿ, ಜಿಂಕೆಯಾಗಿ ಬರುತ್ತಾನೆ. ಬೌದ್ಧ ಉಪಾಸಕನಿಗೆ ಅದು ಧರ್ಮಗ್ರಂಥ, ಮಗುವಿಗೆ ಪ್ರಾಣಿಗಳ ಕಥೆ. ಅದನ್ನು ಪಾಳಿಯಲ್ಲಿ ಓದಿ ಅರಗಿಸಿಕೊಂಡವರಿಗೆ ಕನ್ನಡದ ಮಗುವಿಗಾಗಿ ನಾಲ್ಕು ಸಾಲಿನ ಪದ್ಯ ಕಟ್ಟುವುದು ಮೆಟ್ಟಿಲಿಳಿಯುವ ಕೆಲಸವೆನಿಸಿರಲಾರದು. 1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ರಾಜರತ್ನಂ ಅವರದಾಯಿತು. ಮರುವರ್ಷ ಮಾರ್ಚ್ 13ರಂದು ತೀರಿಕೊಂಡರು. ಮನೆತನದ ಬೇರು ತಮಿಳಿನಲ್ಲಿದ್ದವರ ಪದ್ಯ ಇಂದು ಕನ್ನಡ ಮಕ್ಕಳ ಬಾಯಿಗೆ ಎಷ್ಟು ಬೇಗ ಬರುತ್ತದೆಂದರೆ, ಬರೆದವರ ಹೆಸರನ್ನು ಆಮೇಲೆ ಕಲಿಯಬೇಕಾಗುತ್ತದೆ.

ಗಡಿನಾಡಿನವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ: ಕನ್ನಡದ ಮಕ್ಕಳ ಓದನ್ನು ಕಟ್ಟಿದವರಲ್ಲಿ ಮನೆಮಾತು ಬೇರೆಯಾಗಿದ್ದವರದು ದೊಡ್ಡ ಪಾಲು. ಬಂಟ್ವಾಳದ ಪಂಜೆ ಮಂಗೇಶರಾಯರ (1874–1937) ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು. ಮಂಗಳೂರಿನಲ್ಲಿ 1921ರಲ್ಲಿ ‘ಬಾಲಸಾಹಿತ್ಯ ಮಂಡಲ’ ಕಟ್ಟಿ ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕ ಒದಗಿಸಲು ದುಡಿದವರು ಅವರು. ‘ಅಮರ ಚಿತ್ರಕಥೆ’ಯ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದ ಕೊಂಕಣಿಗರು, ಆ ಮಾಲೆಯ ಭಾರತೀಯ ಕಥೆಗಳು ಆರಂಭವಾದದ್ದು ಹನ್ನೊಂದನೆಯ ಸಂಚಿಕೆಯಾದ ‘ಕೃಷ್ಣ’ದಿಂದ. ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡಕ್ಕೆ ಅದನ್ನು ತಂದವರು ಬ್ಯಾರಿ ಸಮುದಾಯದ ಬೊಳುವಾರು ಮಹಮದ್ ಕುಂಞಿ. ಬರೆದದ್ದು ಗಾಂಧಿಯ ಕಥೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಎಂದು ಬೆಳೆದವರಿಗೆ ಮಗುವಿನ ಪಾಡು ಗೊತ್ತಿರುತ್ತದೆ. ಯಾವ ಮಾತು ಸಲೀಸು, ಯಾವುದು ತಡೆಯುತ್ತದೆ ಎಂಬುದನ್ನು ಅವರು ಕಿವಿಯಿಂದಲೇ ಅಳೆದಿರುತ್ತಾರೆ. ಸರಳ ಕನ್ನಡ ಅವರಿಗೆ ಒಲಿದದ್ದು ಆಕಸ್ಮಿಕವೆಂದು ತೋರುವುದಿಲ್ಲ.

‘ಚಂದಮಾಮ’ದ ಕಥೆಯೂ ಇದೇ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಡಿಸಿದ ಪತ್ರಿಕೆ ಅದು. 1949ರಲ್ಲಿ ಕನ್ನಡಕ್ಕೆ ಬಂತು. ಕಥೆಗಳು ಹೆಚ್ಚಾಗಿ ತೆಲುಗಿನಲ್ಲಿ ಹುಟ್ಟಿ, ಬೇರೆ ಭಾಷೆಗಳಿಗೆ ಹೋಗುತ್ತಿದ್ದವು. ಚಿತ್ರಗಳು ಎಲ್ಲಕ್ಕೂ ಒಂದೇ. ಬೇತಾಳನನ್ನು ಹೆಗಲಿಗೇರಿಸಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬರೆದ ಶಂಕರ್ ತಮಿಳರು. ತೆಲುಗು ಮನೆಮಾತಿನ ಅಜ್ಜನೂ ಕನ್ನಡ ಶಾಲೆಯ ಮೊಮ್ಮಗನೂ ಒಂದೇ ಚಿತ್ರ ನೋಡಿ ಒಂದೇ ಕಥೆಯನ್ನು ಬೇರೆ ಬೇರೆ ಲಿಪಿಯಲ್ಲಿ ಓದಬಹುದಾಗಿತ್ತು. ಅಚ್ಚಿನ ಲೋಕದಲ್ಲಿ ದ್ವಿಭಾಷಾ ಮನೆಗೆ ಇಷ್ಟು ಸಹಜವಾಗಿ ಹೊಂದಿದ ಇನ್ನೊಂದು ವಸ್ತು ಸಿಗುವುದು ಕಷ್ಟ. ಪ್ರತಿ ತಿಂಗಳೂ ಪುರಾಣದ ಕಥೆಯೊಂದು ಅದರಲ್ಲಿ ಇರುತ್ತಿದ್ದುದರಿಂದ, ಪತ್ರಿಕೆಯನ್ನು ಮಕ್ಕಳಿಗಿಂತ ಮೊದಲು ಕೈಗೆತ್ತಿಕೊಳ್ಳುವ ಹಿರಿಯರಿಗೆ ನೆಪವೂ ಬೇಕಿರಲಿಲ್ಲ. ಅದು ನಿಂತುಹೋದದ್ದು ನಿಜವಾದ ನಷ್ಟ.

ದೇವರ ಗೂಡಿನ ಪಕ್ಕ ಜಾಗ ಪಡೆದ ಪುಸ್ತಕಗಳು ಇನ್ನೂ ಇವೆ. ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯ ಹೊರತಂದ ‘ಭಾರತ-ಭಾರತಿ’ ಮಾಲೆಯಲ್ಲಿ 510 ಕಿರುಪುಸ್ತಕಗಳಿವೆ, ಸಂಪಾದಕರು ಎಲ್.ಎಸ್. ಶೇಷಗಿರಿರಾವ್. ಸಂತರು, ಅರಸರು, ವಿಜ್ಞಾನಿಗಳು ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ. ಶಾಲೆಯ ಬಹುಮಾನವಾಗಿ ಮನೆ ಸೇರಿ, ದೇವರ ಪುಸ್ತಕಗಳ ಜೊತೆಗೆ ಉಳಿದ ಮಾಲೆ ಇದು. ಮಂಗಳೂರಿನ ಶಾಂತಿ ಪ್ರಕಾಶನ ಇಸ್ಲಾಮಿನ ಸಾಹಿತ್ಯವನ್ನು ಕನ್ನಡದಲ್ಲಿ ತರುತ್ತಿರುವುದರಿಂದ, ಉರ್ದು ಮಾತಾಡುತ್ತಾ ಕನ್ನಡವನ್ನಷ್ಟೇ ಓದಬಲ್ಲ ಹೊಸ ತಲೆಮಾರಿಗೆ ಪ್ರವಾದಿಗಳ ಕಥೆಗಳು ಕನ್ನಡದಲ್ಲೇ ಸಿಗುತ್ತವೆ.

ಪುಸ್ತಕದಲ್ಲಿರುವ ಸಣ್ಣ ಸುಖಗಳು ಈ ಸೀಮೆಯಲ್ಲಿ ಕೈಗೂ ಸಿಗುತ್ತವೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಈ ಕಸುಬಿನಲ್ಲಿ ಉರ್ದು ಮನೆಮಾತಿನವರು ಬಹಳ. ಅವರು ಕಡೆದ ಬುಗುರಿ, ಗಿಲಕಿ ದೊಡ್ಡಮಳೂರಿನ ಕೃಷ್ಣನ ದರ್ಶನಕ್ಕೆ ಬಂದ ಕೂಸಿನ ಕೈ ಸೇರುತ್ತವೆ. ಜಾತ್ರೆಯ ಕಡಲೆಪುರಿ ರಾಜರತ್ನಂ ಪುಸ್ತಕದ ಹೆಸರೂ ಹೌದು, ಊರ ತೇರಿನ ದಿನ ಟವಲಿನಲ್ಲಿ ಕಟ್ಟಿ ತರುವ ಪ್ರಸಾದವೂ ಹೌದು. ಬಿಡದಿಯ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ಕಂಡ ಮಗುವಿಗೆ ಬೆಣ್ಣೆ ಕದ್ದ ಕೃಷ್ಣನ ಆಸೆಯನ್ನು ಬೇರೆ ವಿವರಿಸಬೇಕಿಲ್ಲ.

ಪುಸ್ತಕ ಸಿಗುವ ದಾರಿ ಈಚೆಗೆ ಸ್ವಲ್ಪ ಸುಗಮವಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಆರರಿಂದ ಹದಿನೆಂಟು ವಯಸ್ಸಿನವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಮೂಲಕ ಕನ್ನಡ, ತೆಲುಗು, ತಮಿಳು, ಉರ್ದು ಸೇರಿ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ಬೆಲೆಯಿಲ್ಲದೆ ಒದಗಿಸುತ್ತಿದೆ. ಗಡಿಯಾಚೆಗೆ ಇದರ ಅಗತ್ಯ ಇನ್ನೂ ಹೆಚ್ಚು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಯಲ್ಲಿ ತಮಿಳು ಕಡ್ಡಾಯವಾಗಿದೆ. ಅಲ್ಲಿನ ಕನ್ನಡದ ಮಗುವಿಗೆ ಎಷ್ಟೋ ಕಡೆ ಕನ್ನಡ ಅಕ್ಷರ ಮನೆಯಲ್ಲೇ ಸಿಗಬೇಕು. ಬೇಂದ್ರೆ, ಪಂಪರಿಗಿಂತ ಮೊದಲು ಅದರ ಕೈಗೆ ಬರಬೇಕಾದದ್ದು ‘ತುತ್ತೂರಿ’.

ಕೊರತೆ ಒಂದು ಉಳಿದಿದೆ. ಒಂದೇ ಪುಟದಲ್ಲಿ ಎರಡು ಭಾಷೆ ಅಚ್ಚಾಗುವ ಮಕ್ಕಳ ಪುಸ್ತಕಗಳಲ್ಲಿ ಕನ್ನಡದ ಜೊತೆಗಾರ ಹೆಚ್ಚಾಗಿ ಇಂಗ್ಲಿಷ್. ಕನ್ನಡ–ಉರ್ದು, ಕನ್ನಡ–ತೆಲುಗು, ಕನ್ನಡ–ತಮಿಳು ಜೋಡಿಗಳು ಅಂಗಡಿಯಲ್ಲಿ ಕಾಣುವುದು ಅಪರೂಪ. ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ದಿನವೂ ಜೊತೆಯಾಗುವುದು ಅವೇ ಜೋಡಿಗಳು. ಜಾತಕದ ಕಥೆಗಳು, ಪುಣ್ಯಕೋಟಿ, ಪಂಚತಂತ್ರ ಈ ಎಲ್ಲ ಭಾಷೆಗಳವರಿಗೂ ಪ್ರಿಯವಾಗಬಲ್ಲವು. ಅಂಥ ಪುಸ್ತಕ ಬಂದರೆ ಓದುವ ಮಗುವೂ ಅರ್ಥ ಹೇಳುವ ಹಿರಿಯರೂ ಒಂದೇ ಪುಟದ ಮೇಲೆ ಬೆರಳಿಟ್ಟು ಕೂರಬಹುದು.