ಶಬ್ದ ಪಾಠಕ್ಕೆ ಮೊದಲು ಸಂಗೀತ ವಿಭಾಗದಲ್ಲಿ

ಈ ಸಲದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಒಂಬತ್ತನೆಯ ತರಗತಿಯ ‘ಶಬ್ದ’ ಘಟಕ. ಬಿ.ಎಸ್ಸಿ.ಯಲ್ಲಿ ಸೋನೋಮೀಟರ್ ಪ್ರಯೋಗ ಮಾಡಿ ತಂತಿಯ ಕಂಪನದ ಸೂತ್ರ ಬರೆದವಳು ನಾನು. ಆವೃತ್ತಿ, ಪಾರ, ಸ್ಥಾಯಿ ಎಂದು ಹಲಗೆಯ ಮೇಲೆ ಬರೆಯುವುದು ಕಷ್ಟವಿರಲಿಲ್ಲ. ಆದರೆ ಒಂದೇ ಸ್ವರ ತಂಬೂರಿಯಲ್ಲಿ ಒಂದು ಬಗೆ, ಹಾರ್ಮೋನಿಯಂನಲ್ಲಿ ಇನ್ನೊಂದು ಬಗೆ ಏಕೆ ಕೇಳುತ್ತದೆ ಎಂಬುದನ್ನು ಮಕ್ಕಳ ಕಿವಿಗೆ ಮುಟ್ಟಿಸುವುದು ಹೇಗೆ?

ಇದರ ಹಿಂದೆ ಇನ್ನೊಂದು ಕಾರಣವೂ ಇತ್ತು. ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಊರಿನ ಭಜನಾ ಮೇಳದಲ್ಲಿ ತಬಲಾ ನುಡಿಸುತ್ತಾನೆ. ತರಗತಿಯಲ್ಲಿ ಅವನ ಬೆರಳು ಬೆಂಚಿನ ಮೇಲೆ ಆಡುತ್ತಲೇ ಇರುತ್ತಿದ್ದವು. ‘ಅವಗ ವಿಜ್ಞಾನ ಹತ್ತಂಗಿಲ್ರಿ’ ಎಂಬ ಮಾತು ನಾನು ಹೋದ ಮೊದಲ ವಾರವೇ ಕಿವಿಗೆ ಬಿತ್ತು. ಅವನೂ ಅದನ್ನು ನಂಬಿದ್ದ. ‘ಶಬ್ದ’ದ ಪಾಠದಲ್ಲೂ ಅವನು ಹಿಂದೆಯೇ ಉಳಿದರೆ ಮುಂದೆ ಯಾವ ಪಾಠದಲ್ಲಿ ಮುಂದೆ ಬಂದಾನು?

ಧಾರವಾಡದಲ್ಲಿ ಓದುವವರಿಗೆ ಇಂಥ ಪ್ರಶ್ನೆ ಹೊತ್ತು ಹೋಗಲು ದೂರವಿಲ್ಲ. ಅನುಮತಿ ಪಡೆದು ಮೂರು ಮಧ್ಯಾಹ್ನ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಕುಳಿತೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರಂಥವರು ಕಲಿಸಿದ ವಿಭಾಗ ಅದು. ಮನಸೂರರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ, ಮಿರಜದ ನೀಲಕಂಠಬುವಾ ಅವರಲ್ಲಿ, ಆಮೇಲೆ ಜೈಪುರ ಘರಾಣೆಯ ಮಂಜೀಖಾನ್, ಭುರ್ಜೀಖಾನ್ ಅವರಲ್ಲಿ ಕಲಿತವರು. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಇಬ್ಬರಿಗೂ ಪದ್ಮವಿಭೂಷಣ ಬಂತು, ಒಬ್ಬರಿಗೆ 1992ರಲ್ಲಿ, ಇನ್ನೊಬ್ಬರಿಗೆ 2002ರಲ್ಲಿ. ಪದವಿ ಓದಿ ಬಂದವರಲ್ಲದ ಇವರನ್ನು ವಿಶ್ವವಿದ್ಯಾಲಯ ಕರೆದು ಕಲಿಸುವ ಜಾಗದಲ್ಲಿ ಕೂರಿಸಿತು. ತರಗತಿಯ ಹೊರಗೆ ಬೆಳೆದ ಜ್ಞಾನಕ್ಕೆ ತರಗತಿ ಬಾಗಿಲು ತೆರೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ನನಗೆ ಗೊತ್ತಿಲ್ಲ.

ಮೊದಲ ದಿನ ಪ್ರಾಧ್ಯಾಪಕರೊಬ್ಬರು ತಂಬೂರಿಯ ಜೀವಾಳ ತೋರಿಸಿದರು. ತಂತಿಗೂ ಬಾಗಿದ ಕುದುರೆಗೂ ನಡುವೆ ಇರುವ ಸಣ್ಣ ದಾರ ಅದು. ದಾರ ತೆಗೆದು ಮೀಟಿದಾಗ ತಂತಿ ಸಪ್ಪೆಯಾಗಿ ನುಡಿಯಿತು. ದಾರವನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ಒಂದು ಜಾಗದಲ್ಲಿ ನಾದ ಅರಳಿ ತುಂಬಿಕೊಂಡಿತು. ತಂತಿ ಅದೇ, ಬಿಗಿ ಅದೇ, ಉದ್ದವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಮೂಲಸ್ವರದ ಜೊತೆ ಏಳುವ ಉಪಸ್ವರಗಳ ಬಲ. ಸಿ. ವಿ. ರಾಮನ್ ಅವರು 1921ರಲ್ಲಿ ವೀಣೆ, ತಂಬೂರಿಗಳ ಕುದುರೆಯ ಬಗ್ಗೆ ಬರೆದದ್ದು ಇದನ್ನೇ. ಅದಕ್ಕೂ ಮೊದಲು, 1920ರಲ್ಲಿ, ನಮ್ಮ ಚರ್ಮವಾದ್ಯಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬರಿಯ ದುಂಡು ಚರ್ಮದ ಉಪಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು ಹೀಗೆ ಹೊಂದಿಕೆಯಿಲ್ಲದೆ ಏಳುತ್ತವೆ. ತಬಲಾದ ನಡುವಿನ ಕಪ್ಪು ಶಾಯಿಯ ಭಾರದಿಂದ ಅವು ಪೂರ್ಣಸಂಖ್ಯೆಗಳ ಹತ್ತಿರ ಬರುತ್ತವೆ. ಅದಕ್ಕೇ ತಬಲಾವನ್ನು ಸ್ವರಕ್ಕೆ ಕೂಡಿಸಬಹುದು.

ಎರಡನೆಯ ದಿನ ಕಂಡದ್ದು ಬಿ.ಇಡಿ. ಪಾಠಕ್ಕೆ ಹತ್ತಿರದ್ದು. ವಿದ್ಯಾರ್ಥಿನಿಯೊಬ್ಬಳು ಯಮನ್ ರಾಗದ ಒಂದು ಸಣ್ಣ ತಾನವನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. ನಮ್ಮ ಪುಸ್ತಕಗಳು ಉರುಹೊಡೆಯುವುದನ್ನು ಬೇಡ ಎನ್ನುತ್ತವೆ. ಇಲ್ಲಿ ಪುನರಾವರ್ತನೆಯೇ ಪಾಠ. ಗುರುಗಳು ನಡುವೆ ಕೈ ಎತ್ತಿ ನಿಲ್ಲಿಸಿ, ‘ತಪ್ಪಿದ್ದನ್ನ ಹತ್ತು ಸಲ ಹಾಡಿದ್ರ ತಪ್ಪು ಗಟ್ಟಿ ಆಗ್ತದವಾ. ಮೊದಲ ತಂಬೂರಿ ಕೇಳು’ ಎಂದರು. ಅವಳು ಸುಮ್ಮನೆ ಕೇಳಿದಳು, ಆಮೇಲೆ ಹಾಡಿದಳು, ತೀವ್ರ ಮಧ್ಯಮ ಜಾಗಕ್ಕೆ ಬಂತು. ಉರುಹೊಡೆಯುವುದಕ್ಕೂ ಸಾಧನೆಗೂ ಇರುವ ಅಂತರ ಅಲ್ಲಿ ಸ್ಪಷ್ಟವಾಯಿತು. ಸಾಧನೆಯಲ್ಲಿ ಪ್ರತಿ ಸಲವನ್ನೂ ಒಬ್ಬರು ಕೇಳುತ್ತಿರುತ್ತಾರೆ: ಮೊದಲು ಗುರು, ಕ್ರಮೇಣ ಕಲಿಯುವವರೇ. ಹಿಮ್ಮಾಹಿತಿ ಎಂದು ನಾವು ಬರೆಯುವ ಪದಕ್ಕೆ ಇಷ್ಟು ನೇರ ಅರ್ಥವನ್ನು ನಾನು ಬೇರೆಡೆ ನೋಡಿರಲಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರ ಎನ್ನಲಾರೆ. ಗುರುವಿನ ಮನೆಯಲ್ಲಿ ಒಂದೇ ರಾಗವನ್ನು ತಿಂಗಳುಗಟ್ಟಲೆ ಹಾಡಿಸುತ್ತಿದ್ದರು. ಸೆಮಿಸ್ಟರ್‌ನಲ್ಲಿ ಹಲವು ರಾಗ ಮುಗಿಯಬೇಕು. ಪರೀಕ್ಷೆಯ ಗಂಟೆ ಬಾರಿಸಿದಾಗ ಕಂಠ ಸಿದ್ಧವಿರಬೇಕೆಂಬ ನಿಯಮ ಕಂಠಕ್ಕೆ ಗೊತ್ತಿರುವುದಿಲ್ಲ. ಆ ವಿದ್ಯಾರ್ಥಿನಿ ನನ್ನನ್ನೇ ಕೇಳಿದಳು: ‘ನೀವು ಟೀಚರ್ ಆಗಾಕ ಓದಾಕತ್ತೀರಿ. ನಾನೂ ಅದಕ್ಕ ಓದಾಕತ್ತೀನ್ರಿ ಅಕ್ಕಾ. ಆದ್ರ ಸಂಗೀತ ಶಿಕ್ಷಕರು ಎಷ್ಟ ಶಾಲ್ಯಾಗ ಅದಾರ ಹೇಳ್ರಿ?’ ನಾನು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಇಲ್ಲ. ನಾನು ಓದಿದ ಶಾಲೆಯಲ್ಲೂ ಇರಲಿಲ್ಲ. ಅಷ್ಟನ್ನೇ ಹೇಳಿದೆ.

ಮುಂದಿನ ವಾರ ಮೇಲ್ವಿಚಾರಕರು ಅವಲೋಕನಕ್ಕೆ ಬರುವ ದಿನವೇ ಆ ಹುಡುಗನಿಗೆ ತಬಲಾ ತರಲು ಹೇಳಿದೆ. ಚರ್ಮದ ಮೇಲೆ ಸಣ್ಣ ರವೆ ಉದುರಿಸಿದೆವು. ಅವನು ಅಂಚಿನಲ್ಲಿ ‘ನಾ’ ಬಾರಿಸಿದಾಗ ರವೆ ಒಂದು ರೀತಿ ಸರಿಯಿತು, ಬೇರೆ ಬೋಲ್‌ಗೆ ಬೇರೆ ರೀತಿ. ‘ಶಾಯಿ ಇರಲಿಲ್ಲಂದ್ರ ಏನಾಗ್ತಿತ್ತು?’ ಎಂದು ಕೇಳಿದೆ. ‘ಡಬ್ಬಿ ಬಡದಂಗ ಆಗ್ತಿತ್ರಿ ಟೀಚರ್, ಸುರ ಸಿಗಂಗಿಲ್ಲ’ ಎಂದ. ರಾಮನ್ ಅವರ ಪ್ರಬಂಧದ ಸಾರ ಆ ಒಂದು ವಾಕ್ಯದಲ್ಲಿತ್ತು. ಅದಕ್ಕೆ ಆವೃತ್ತಿ, ಉಪಸ್ವರ ಎಂಬ ಹೆಸರು ಕೊಡುವುದಷ್ಟೇ ನನಗೆ ಉಳಿದ ಕೆಲಸ. ಪ್ರತಿಧ್ವನಿಯ ಭಾಗ ಮರುದಿನಕ್ಕೆ ಹೋಯಿತು. ಮೇಲ್ವಿಚಾರಕರು ಹಾಳೆಯಲ್ಲಿ ‘ಸಮಯ ಹಂಚಿಕೆ ಗಮನಿಸಿ’ ಎಂದೂ ‘ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮ’ ಎಂದೂ ಬರೆದರು. ಎರಡೂ ನಿಜ.

ಕಿರುಪರೀಕ್ಷೆಯಲ್ಲಿ ಆ ಹುಡುಗ ದೊಡ್ಡ ಅಂಕವೇನೂ ತೆಗೆಯಲಿಲ್ಲ. ಆದರೆ ಸ್ಥಾಯಿ ಮತ್ತು ಶಬ್ದದ ಗುಣದ ಪ್ರಶ್ನೆಗೆ ತನ್ನದೇ ಮಾತಿನಲ್ಲಿ ಉತ್ತರ ಬರೆದಿದ್ದ. ಚಿತ್ರದಲ್ಲಿ ಶಾಯಿಯನ್ನು ಸರಿಯಾಗಿ ನಡುವೆಯೇ ಗುರುತಿಸಿದ್ದ. ಅದಕ್ಕಿಂತ ಮುಖ್ಯವಾದದ್ದು, ಬೆಳಕಿನ ಪಾಠಕ್ಕೆ ಮುಂಚೆ ಅವನು ಬಂದು ‘ಇದಕ್ಕೇನ್ ತರ್ಲಿ ಟೀಚರ್?’ ಎಂದು ಕೇಳಿದ.

ಸಹಪಾಠಿಗಳಿಗೆ ಒಂದು ಸೂಚನೆ: ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವಿದೆ. ನಾವು ಅಲ್ಲಿ ಹಿಂದಿನ ತರಗತಿಯ ಪಾಠದ ಹೆಸರು ಬರೆದು ಮುಂದೆ ಹೋಗುತ್ತೇವೆ. ಮಗು ಶಾಲೆಯ ಹೊರಗೆ ಏನು ಬಲ್ಲದು ಎಂದು ಒಂದು ವಾರ ಮೊದಲೇ ಕೇಳಿಕೊಂಡು ಆ ಅಂಕಣ ತುಂಬಿದರೆ, ಯಾವ ಮಗುವಿನ ಕೈಗೆ ಯಾವ ಉಪಕರಣ ಕೊಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.